ಗೀರು ಬಿದ್ದರೆ ಬೀಳಲಿ, ಒಡೆಯದಿದ್ದರೆ ಸಾಕು

ಕಳೆದ ವರ್ಷ ಮಳೆ ಬಿಟ್ಟ ಮೇಲೆ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಮೂರು ದಿನ ಶಾಲೆಗೆ ಬರಲಿಲ್ಲ. ಜ್ವರ ಇರಬಹುದು ಅಂದುಕೊಂಡೆವು. ನಾಲ್ಕನೆಯ ದಿನ ಅಪ್ಪನೇ ಕರೆದುಕೊಂಡು ಬಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅಪ್ಪ ಅಂಗಿಯ ಕಿಸೆಯಿಂದ ಫೋನು ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದರು. ಗಾಜಿನ ಮೇಲೆ ಎರಡು ಉದ್ದ ಗೀರು, ಸುತ್ತ ಕೂದಲಿನಂಥ ಸಣ್ಣ ಸಣ್ಣ ಗೆರೆಗಳು.

"ನೋಡಿ ಮಾಷ್ಟ್ರೇ, ಇವನ ಅಣ್ಣ ದುಬೈಯಿಂದ ಕಳಿಸಿದ ಫೋನು. ಎರಡು ತಿಂಗಳು ಆಗ್ಲಿಲ್ಲ. ನೀವು ಕಲ್ಲಿನ ಫೋಟೋ ತೆಗೀಲಿಕ್ಕೆ ಹೇಳಿದ್ರಂತೆ. ಸಮುದ್ರದ ಹತ್ರ ಹೋಗಿ ಹೀಗೆ ಮಾಡಿಕೊಂಡು ಬಂದಿದ್ದಾನೆ. ಕೇಳಿದ್ರೆ ಏನೂ ಮಾಡ್ಲಿಲ್ಲ, ಕಿಸೆಯಲ್ಲಿ ಇಟ್ಟದ್ದು ಮಾತ್ರ ಅಂತಾನೆ. ಪೇಟೆಯಲ್ಲಿ ತೋರಿಸಿದೆ. ಇದು ಗೊರಿಲ್ಲಾ ಗ್ಲಾಸು, ಇದಕ್ಕೆ ಸುಮ್ಮನೆ ಗೀರು ಬೀಳ್ಲಿಕ್ಕುಂಟಾ, ಹುಡುಗ ಕತ್ತಿಯಲ್ಲೋ ಮೊಳೆಯಲ್ಲೋ ಗೀಚಿರಬೇಕು ಅಂದ ಅಂಗಡಿಯವ. ಫೋನು ಹಾಳಾದದ್ದಕ್ಕಿಂತ ಇವ ಸುಳ್ಳು ಹೇಳಿದ್ದು ನನಗೆ ಬೇಜಾರು."

ಫೋಟೋ ತೆಗೆಯಲು ಹೇಳಿದ್ದು ನಾವೇ. ನಮ್ಮ ಊರಿನ ಕಲ್ಲುಗಳು ಎಂಬ ಚಟುವಟಿಕೆ ಕೊಟ್ಟು, ಮನೆಯ ಹಿರಿಯರ ಫೋನಿನಲ್ಲಿ ತೆಗೆದು ವಾಟ್ಸಾಪಿಗೆ ಹಾಕಿ ಎಂದಿದ್ದೆವು. ಹುಡುಗ ಮುರಕಲ್ಲಿನ ಪಾದೆಯ ಫೋಟೋ ತೆಗೆದ, ಆಮೇಲೆ ಕಣ್ವತೀರ್ಥದ ಕಡಲಬದಿಗೆ ಹೋಗಿ ಅಲ್ಲಿನ ಬಂಡೆಗಳದ್ದೂ ತೆಗೆದ. ಒಳ್ಳೆಯ ಫೋಟೋಗಳು. ತರಗತಿಯ ಗುಂಪಿಗೆ ಎಲ್ಲರಿಗಿಂತ ಮೊದಲು ಕಳಿಸಿದವನೂ ಅವನೇ. ಹಾಗಾಗಿ ಈ ವ್ಯಾಜ್ಯದಲ್ಲಿ ನಾವೂ ಒಬ್ಬ ಆರೋಪಿಯೇ.

ಆ ಹೊತ್ತಿಗೆ ಹುಡುಗನ ಪರವಾಗಿ ವಾದ ಮಾಡುವುದಕ್ಕಿಂತ ತೋರಿಸಿಬಿಡುವುದು ಒಳ್ಳೆಯದು ಅನಿಸಿತು. ಅಧ್ಯಾಪಕರ ಕೋಣೆಯ ಡ್ರಾವರಿನಲ್ಲಿ ನಮ್ಮದೊಂದು ಸತ್ತ ಫೋನಿತ್ತು. ಬ್ಯಾಟರಿ ಹೋದದ್ದು, ಗಾಜು ಚೆನ್ನಾಗಿಯೇ ಇತ್ತು. ಅದನ್ನು ಹಿಡಿದು ತರಗತಿಗೆ ಹೋದೆವು. ಅಪ್ಪನನ್ನೂ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದೆವು. ಮಕ್ಕಳಿಗೆ ಹೇಳಿದೆವು, ಈ ಗಾಜಿಗೆ ಗೀರು ಹಾಕಬೇಕು, ಯಾರ ಹತ್ತಿರ ಏನೇನುಂಟು ತನ್ನಿ.

ಸೈಕಲ್ಲಿನ ಕೀ ಬಂತು, ಗೀರು ಬೀಳಲಿಲ್ಲ. ಎರಡು ರೂಪಾಯಿಯ ನಾಣ್ಯ ಬಂತು, ಬೂದು ಬಣ್ಣದ ಒಂದು ಗೆರೆ ಮೂಡಿತು, ಬೆರಳಲ್ಲಿ ಒರೆಸಿದರೆ ಹೋಯಿತು. ಕಂಪಾಸಿನ ಮುಳ್ಳು, ಕಡಲಿನ ಚಿಪ್ಪು, ಪೆನ್ಸಿಲ್ ಹೆರೆಯುವ ಬ್ಲೇಡು, ಯಾವುದಕ್ಕೂ ಗಾಜು ಜಗ್ಗಲಿಲ್ಲ. ಕೊನೆಗೆ ಒಬ್ಬಳು ಅಂಗಳದಿಂದ ಒಂದು ಬಿಳಿ ಬೆಣಚುಕಲ್ಲಿನ ಚೂರು ಹೆಕ್ಕಿ ತಂದಳು. ಕತ್ತಲೆಯಲ್ಲಿ ಒಂದಕ್ಕೊಂದು ಉಜ್ಜಿ ಬೆಳಕು ಬರಿಸುತ್ತಾರಲ್ಲ ಮಕ್ಕಳು, ಅದೇ ಕಲ್ಲು. ಒಮ್ಮೆ ಎಳೆದದ್ದೇ ತಡ, ಕರ್ ಎಂದು ಬಿಳಿ ಗೀರು! ಒರೆಸಿದರೂ ಹೋಗಲಿಲ್ಲ. ಆಮೇಲೆ ಒಂದು ಚಿಟಿಕೆ ಹೊಯಿಗೆಯನ್ನು ಗಾಜಿನ ಮೇಲೆ ಹಾಕಿ ಬಟ್ಟೆಯಲ್ಲಿ ಒತ್ತಿ ಉಜ್ಜಿದೆವು. ಹುಡುಗನ ಫೋನಿನಲ್ಲಿದ್ದ ಕೂದಲಿನಂಥ ಗೆರೆಗಳೇ ಅಲ್ಲಿಯೂ ಕಾಣಿಸಿಕೊಂಡವು.

"ಕಡಲಬದಿಯಲ್ಲಿ ಕೂತು ಎದ್ದದ್ದು ಹೌದಾ? ಕಿಸೆಯಲ್ಲಿ ಹೊಯಿಗೆ ಇತ್ತಾ?" ಎಂದು ಕೇಳಿದೆವು. ಹುಡುಗ ಹೌದೆಂದು ತಲೆಯಾಡಿಸಿದ. ಅವನ ಮಾತು ನಿಜವಾಗಿತ್ತು. ಕತ್ತಿಯಲ್ಲಿ ಗೀಚಿದ್ದರೆ ಬಹುಶಃ ಗೀರು ಬೀಳುತ್ತಲೇ ಇರಲಿಲ್ಲ. ಕಿಸೆಯಲ್ಲಿ ಇಟ್ಟದ್ದಕ್ಕೇ ಬಿದ್ದದ್ದು.

ಇದರ ಹಿಂದಿನ ಲೆಕ್ಕ ಹಳೆಯದು. 1812ರಲ್ಲಿ ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ ಹತ್ತು ಖನಿಜಗಳನ್ನು ಸಾಲಾಗಿ ನಿಲ್ಲಿಸಿದರು. ಯಾವುದು ಯಾವುದಕ್ಕೆ ಗೀರು ಹಾಕುತ್ತದೆ ಎಂಬುದೊಂದೇ ಪರೀಕ್ಷೆ. ಎಲ್ಲಕ್ಕಿಂತ ಮೆತ್ತಗಿನ ಟಾಲ್ಕಿಗೆ 1, ವಜ್ರಕ್ಕೆ 10. ನಾವು ಸ್ಲೇಟಿನಲ್ಲಿ ಬರೆಯುತ್ತಿದ್ದ ಬಳಪದ ಕಲ್ಲಿನಲ್ಲಿ ಇರುವುದು ಹೆಚ್ಚಾಗಿ ಈ ಟಾಲ್ಕೇ. ಚಿಪ್ಪಿನಲ್ಲಿರುವ ಸುಣ್ಣದ ಖನಿಜ 3ರ ಆಸುಪಾಸು. ಫೋನಿನ ಗಾಜು 6ರ ಆಸುಪಾಸು. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, 7. ಹೊಯಿಗೆಯ ಕಣಗಳಲ್ಲಿ ಬಹುಪಾಲು ಈ ಕ್ವಾರ್ಟ್ಜೇ. ನಮ್ಮ ಮುರಕಲ್ಲಿನ ಹುಡಿಯಲ್ಲೂ ಅದರ ಕಣಗಳಿವೆ. ಬೇಕಲ ಕೋಟೆಯನ್ನು ಕಟ್ಟಿದ ಮುರಕಲ್ಲು ನಮ್ಮ ಮನೆಯ ಗೋಡೆಯಲ್ಲೂ ಉಂಟು, ಅಂಗಳದ ಧೂಳಿನಲ್ಲೂ ಉಂಟು. ಅಂದಮೇಲೆ ಕಾಸರಗೋಡಿನ ಯಾವ ಕಿಸೆ ಸುರಕ್ಷಿತ, ಹೇಳಿ!

ಹಾಗಾದರೆ ಅಂಗಡಿಯವ ಸುಳ್ಳು ಹೇಳಿದನೇ? ಇಲ್ಲ. ಅವನಿಗೆ ಯಾರೋ "ಇದು ಗಟ್ಟಿ ಗಾಜು" ಎಂದು ಹೇಳಿದ್ದಾರೆ, ಅವನು ನಂಬಿದ್ದಾನೆ. ತೊಂದರೆ ಇರುವುದು ಆ "ಗಟ್ಟಿ" ಎಂಬ ಮಾತಿನಲ್ಲೇ. ಕನ್ನಡದಲ್ಲಿ ನಾವು ಎರಡು ಬೇರೆ ಬೇರೆ ಗುಣಗಳಿಗೆ ಅದೊಂದೇ ಮಾತನ್ನು ಬಳಸುತ್ತೇವೆ. ಗೀರು ಬೀಳದಿರುವುದೂ ಗಟ್ಟಿ, ಬಿದ್ದರೆ ಒಡೆಯದಿರುವುದೂ ಗಟ್ಟಿ. ಆದರೆ ಇವೆರಡೂ ಒಂದೇ ಅಲ್ಲ. ಎಷ್ಟೋ ಸಲ ಒಂದು ಬಂದಲ್ಲಿ ಇನ್ನೊಂದು ದೂರ ಸರಿಯುತ್ತದೆ.

ಶಾಲೆಯ ಅಡುಗೆಕೋಣೆಗೆ ಹೋಗಿ ನೋಡಿದರೆ ಸಾಕು. ಮಧ್ಯಾಹ್ನದೂಟದ ಸ್ಟೀಲ್ ತಟ್ಟೆಗಳ ಮೈತುಂಬ ಗೀರು. ಪ್ರತಿದಿನ ಅವು ಮಕ್ಕಳ ಕೈಯಿಂದ ನೆಲಕ್ಕೆ ಬೀಳುತ್ತವೆ, ಠಣ್ ಎನ್ನುತ್ತವೆ, ಮತ್ತೆ ಸಾಲಿನಲ್ಲಿ ನಿಲ್ಲುತ್ತವೆ. ಅತಿಥಿಗಳು ಬಂದಾಗ ತೆಗೆಯುವ ಪಿಂಗಾಣಿ ಕಪ್ಪು ಬಸಿಗೆ ಸ್ಟೀಲ್ ಚಮಚದಿಂದ ಗೀರು ಬೀಳುವುದಿಲ್ಲ, ವರ್ಷಗಟ್ಟಲೆ ಹೊಳೆಯುತ್ತವೆ. ಆದರೆ ಒಂದು ಸಲ ಕೈಜಾರಿದರೆ ಕಥೆ ಮುಗಿಯಿತು. ತಟ್ಟೆಯದ್ದು ತಾಳಿಕೆ, ಪಿಂಗಾಣಿಯದ್ದು ಗಡಸು. ನಮ್ಮ ತರಗತಿಯಲ್ಲಿ ಈಗ ಈ ಎರಡು ಮಾತುಗಳನ್ನು ಬೇರೆ ಬೇರೆಯಾಗಿಯೇ ಬಳಸುತ್ತೇವೆ: ಗೀರು ತಡೆದರೆ ಗಡಸು, ಪೆಟ್ಟು ತಡೆದರೆ ತಾಳಿಕೆ.

ನಮ್ಮ ಪ್ರಾಯದವರಿಗೆ ಸ್ಲೇಟಿನ ನೆನಪೇ ಸಾಕು. ಮೊದಲು ಮರದ ಚೌಕಟ್ಟಿನ ಕಲ್ಲಿನ ಸ್ಲೇಟು. ಬರೆದದ್ದು ಸ್ಪಷ್ಟ, ಒರೆಸಿದರೆ ಹೊಸತು. ಆದರೆ ಗುಡ್ಡೆ ಇಳಿಯುವಾಗ ಜಾರಿ ಬಿದ್ದರೆ ಮೂಲೆ ಹೋಯಿತು, ಮನೆಯಲ್ಲಿ ಬೆನ್ನಿಗೂ ಬಿತ್ತು. ಆಮೇಲೆ ತಗಡಿನ ಸ್ಲೇಟು ಬಂತು. ಬಿದ್ದರೆ ಒಡೆಯುತ್ತಿರಲಿಲ್ಲ, ಆದರೆ ಕೆಲವೇ ತಿಂಗಳಲ್ಲಿ ಕಪ್ಪು ಬಣ್ಣ ಕಿತ್ತು ಬಂದು ಬಳಪ ಹತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಎರಡನ್ನೂ ಗಟ್ಟಿ ಸ್ಲೇಟು ಎಂದೇ ಮಾರುತ್ತಿದ್ದರು. ಕಲ್ಲಿನ ಬರವಣಿಗೆ, ತಗಡಿನ ತಾಳಿಕೆ, ಎರಡೂ ಕೂಡಿದ ಸ್ಲೇಟು ನಮ್ಮ ಕಾಲದಲ್ಲಂತೂ ಸಿಗಲಿಲ್ಲ.

ಫೋನಿನ ಕಥೆಯೂ ಇದೇ ದಾರಿಯಲ್ಲಿ ನಡೆದಿದೆ, ಸ್ವಲ್ಪ ಉಲ್ಟಾ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಫೋನನ್ನು ಜಗತ್ತಿಗೆ ತೋರಿಸಿದಾಗ ಅದರ ಮುಖ ಪ್ಲಾಸ್ಟಿಕ್ಕಿನದ್ದಾಗಿತ್ತು. ಪ್ಲಾಸ್ಟಿಕ್ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಕಿಸೆಯಲ್ಲಿದ್ದ ಕೀಗಳು ತಾಗಿ ಗೀರು ಬಿತ್ತು. ಗೀರು ಬೀಳುವ ಫೋನನ್ನು ಮಾರಲಾರೆ ಎಂದು ಹಟ ಹಿಡಿದರಂತೆ. ಅದೇ ಜೂನಿನಲ್ಲಿ ಅಂಗಡಿಗೆ ಬಂದ ಫೋನಿಗೆ ಗಾಜಿನ ಮುಖ. ಅಮೆರಿಕದ ಕಾರ್ನಿಂಗ್ ಕಂಪನಿ 1960ರ ದಶಕದಲ್ಲೇ ಕೆಮ್‌ಕೋರ್ ಎಂಬ ಬಲವಾದ ಗಾಜು ಮಾಡಿ, ಸಾಕಷ್ಟು ಗಿರಾಕಿ ಸಿಗದೆ ಮೂಲೆಗೆ ಹಾಕಿತ್ತು. ಆ ವಿದ್ಯೆಯೇ ಗೊರಿಲ್ಲಾ ಗ್ಲಾಸಾಗಿ ಎದ್ದು ಬಂತು. ಒಬ್ಬ ಮನುಷ್ಯನಿಗೆ ಗೀರು ಸಹಿಸಲು ಆಗದ್ದರಿಂದ ಲೋಕದ ಫೋನುಗಳೆಲ್ಲ ಒಡೆಯುವ ವಸ್ತುವಿನ ಕಡೆ ಹೊರಳಿದವು ಎಂದರೆ ಪೂರ್ತಿ ತಪ್ಪಾಗಲಾರದು.

ಈ ಗಾಜನ್ನು ಬಲಪಡಿಸುವ ಕ್ರಮ ಮಕ್ಕಳಿಗೆ ಬಹಳ ಇಷ್ಟವಾಯಿತು. ಗಾಜಿನೊಳಗೆ ಸೋಡಿಯಂ ಅಯಾನುಗಳಿರುತ್ತವೆ. ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪೆಟ್ಲುಪ್ಪಿನಲ್ಲಿ, ಅಂದರೆ ಪೊಟ್ಯಾಸಿಯಂ ನೈಟ್ರೇಟಿನಲ್ಲಿ, ಗಾಜನ್ನು ಮುಳುಗಿಸಿಡುತ್ತಾರೆ. ಆಗ ಮೇಲ್ಮೈಯ ಸೋಡಿಯಂ ಹೊರಗೆ ಹೋಗಿ ಅದರ ಜಾಗಕ್ಕೆ ಪೊಟ್ಯಾಸಿಯಂ ಬರುತ್ತದೆ. ಪೊಟ್ಯಾಸಿಯಂ ಗಾತ್ರದಲ್ಲಿ ದೊಡ್ಡದು. ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಮೂವರು ಕೂತ ಸೀಟಿನಿಂದ ತೆಳ್ಳಗಿನ ಹುಡುಗ ಎದ್ದು ಹೋಗಿ ದಡೂತಿ ಮನುಷ್ಯ ಬಂದು ಕೂತರೆ ಏನಾಗುತ್ತದೆ? ಎಲ್ಲರೂ ಒತ್ತಿಕೊಂಡು ಕೂರಬೇಕು. ಗಾಜಿನ ಮೇಲ್ಪದರವೂ ಹಾಗೆಯೇ ಒತ್ತಿಕೊಂಡಿರುತ್ತದೆ. ಬಿರುಕು ಬೆಳೆಯಬೇಕಾದರೆ ಗಾಜು ಎಳೆದು ಬಾಯಿ ಬಿಡಬೇಕು. ಒತ್ತಿಕೊಂಡಿರುವಲ್ಲಿ ಅದು ಬಾಯಿ ಬಿಡುವುದು ಕಷ್ಟ. ಹತ್ತು ಪುಸ್ತಕಗಳನ್ನು ಎರಡು ಕಡೆಯಿಂದ ಅಂಗೈಯಲ್ಲಿ ಒತ್ತಿ ಹಿಡಿದು ಎತ್ತಿ ನೋಡಿ, ಒಂದೂ ಬೀಳುವುದಿಲ್ಲ. ಕೈ ಸಡಿಲವಾದರೆ ಎಲ್ಲವೂ ನೆಲಕ್ಕೆ.

ಆದರೆ ಗಮನಿಸಿ, ಈ ಒತ್ತಡದಿಂದ ಗಾಜಿನ ತಾಳಿಕೆ ಬಹಳ ಹೆಚ್ಚುತ್ತದೆ, ಗಡಸುತನ ಅಷ್ಟೇನೂ ಹೆಚ್ಚುವುದಿಲ್ಲ. ಪೆಟ್ಲುಪ್ಪಿನಲ್ಲಿ ಮಿಂದು ಬಂದ ಗಾಜಿಗೂ ಬೆಣಚುಕಲ್ಲು ಬೆಣಚುಕಲ್ಲೇ.

ಗಡಸನ್ನೇ ಹೆಚ್ಚಿಸಬಾರದೇ ಎಂದು ಒಬ್ಬಳು ಕೇಳಿದಳು. ಅದನ್ನೂ ನೋಡಿದ್ದಾರೆ. ಕೃತಕ ನೀಲಮಣಿಯ ಹರಳು, ಅಂದರೆ ಸಫಾಯರ್, ಮೋಸ್ ಸಾಲಿನಲ್ಲಿ 9. ಹೊಯಿಗೆ ಅದಕ್ಕೆ ಏನೂ ಮಾಡಲಾರದು. 2013ರಲ್ಲಿ ಆಪಲ್ ಕಂಪನಿಯ ಜೊತೆ ಕರಾರು ಮಾಡಿಕೊಂಡು ಜಿಟಿ ಅಡ್ವಾನ್ಸ್ಡ್ ಎಂಬ ಸಂಸ್ಥೆ ಅರಿಜೋನಾದಲ್ಲಿ ಸಫಾಯರ್ ಬೆಳೆಸಲು ಹೊರಟಿತು. 2014ರ ಅಕ್ಟೋಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸಫಾಯರ್ ದುಬಾರಿ, ಗಾಜಿಗಿಂತ ತೂಕ, ಬೆಳಕನ್ನು ಹೆಚ್ಚು ಪ್ರತಿಫಲಿಸುವುದರಿಂದ ಬಿಸಿಲಲ್ಲಿ ಕನ್ನಡಿಯಂತೆ ಕಾಣುತ್ತದೆ. ಮೇಲಾಗಿ ಅಂಚಿನಲ್ಲೊಂದು ಸಣ್ಣ ಊನವಿದ್ದರೂ ಪೆಟ್ಟಿಗೆ ಸೀಳುತ್ತದೆ. ಕೈಗಡಿಯಾರದ ಮುಖಕ್ಕೆ, ಕ್ಯಾಮರಾದ ಮೇಲಿನ ಸಣ್ಣ ಮುಚ್ಚಳಕ್ಕೆ ಅದು ಒಳ್ಳೆಯದು. ಅಂಗೈಯಗಲದ ಫೋನಿಗೆ ಹೊಂದಲಿಲ್ಲ.

ಇನ್ನೊಂದು ತುದಿಗೆ ಮಡಿಚುವ ಫೋನುಗಳಿವೆ. 2019ರಿಂದ ಅವು ಮಾರುಕಟ್ಟೆಯಲ್ಲಿವೆ. ಮಡಿಚಬೇಕಾದರೆ ಮೆತ್ತಗಿರಬೇಕು. ಒಳಗೆ ತೆಳ್ಳನೆಯ ಗಾಜಿದ್ದರೂ ಮೇಲೆ ಪ್ಲಾಸ್ಟಿಕ್ಕಿನ ಪದರ. ಲಕ್ಷಕ್ಕೂ ಮಿಕ್ಕ ಬೆಲೆಯ ಫೋನಿಗೆ ಉಗುರಿನಿಂದ ಗುರುತು ಬೀಳುತ್ತದೆ! ಬಾಗುವುದನ್ನು ಪಡೆದವನು ಗಡಸನ್ನು ಬಿಟ್ಟುಕೊಟ್ಟ.

ಮಧ್ಯದಲ್ಲಿ ಗಾಜು ಮಾಡುವವರು ಯಾವ ಕಡೆ ವಾಲಿದ್ದಾರೆ ನೋಡಿ. ಕಾರ್ನಿಂಗ್ 2013ರಲ್ಲಿ ತನ್ನ ಮೂರನೆಯ ಗೊರಿಲ್ಲಾ ಗಾಜು ತಂದಾಗ ಹೆಚ್ಚಾಗಿ ಗೀರಿನ ಬಗ್ಗೆ ಮಾತಾಡಿತು. ನಾಲ್ಕನೆಯದರ ಹೊತ್ತಿಗೆ ಮಾತು ಬೀಳುವುದರ ಕಡೆ ತಿರುಗಿತು. 2016ರ ಐದನೆಯದು ಒಂದೂವರೆ ಮೀಟರಿಗೂ ಮಿಕ್ಕ ಎತ್ತರದಿಂದ ಬಿದ್ದರೂ ಹೆಚ್ಚಿನ ಸಲ ಉಳಿಯುತ್ತದೆ, 2018ರ ಆರನೆಯದು ಒಂದು ಮೀಟರಿನಿಂದ ಸರಾಸರಿ ಹದಿನೈದು ಸಲ ಬಿದ್ದರೂ ತಾಳುತ್ತದೆ ಎಂದು ಕಂಪನಿ ಹೇಳಿಕೊಂಡಿತು. ಎರಡನ್ನೂ ಒಟ್ಟಿಗೆ ಹೆಚ್ಚಿಸಿದ್ದೇವೆ ಎಂದು ಹೇಳಿದ್ದು 2020ರ ವಿಕ್ಟಸ್ ಗಾಜಿನಲ್ಲಿ. ಅದೇ ವರ್ಷ ಆಪಲ್ ತನ್ನ ಐಫೋನ್ 12ಕ್ಕೆ ಗಾಜಿನೊಳಗೆ ಸೂಕ್ಷ್ಮ ಹರಳುಗಳಿರುವ ಸೆರಾಮಿಕ್ ಶೀಲ್ಡ್ ತಂದಿತು, ಹೊಗಳಿಕೊಂಡದ್ದು ಬೀಳುವುದನ್ನು ತಾಳುವ ಶಕ್ತಿಯನ್ನು. ಗೀರಿನ ಕಡೆ ದೊಡ್ಡ ಸುಧಾರಣೆ ಎಂದು ಅದು ಹೇಳಿಕೊಳ್ಳಲು 2025ರ ಐಫೋನ್ 17 ಬರಬೇಕಾಯಿತು.

ಇಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಆಕ್ಷೇಪ ಇದೆ, ಅದು ನ್ಯಾಯವೇ. "ನೋಡಿ, ಕೊನೆಗೆ ಎರಡೂ ಸಿಕ್ಕಿತಲ್ಲ. ಇದು ಪ್ರಕೃತಿಯ ನಿಯಮ ಅಂತ ಮಕ್ಕಳಿಗೆ ಯಾಕೆ ಹೇಳ್ತೀರಿ? ಗೀರನ್ನು ಒಪ್ಪಿಕೊಳ್ಳಿ ಅಂದರೆ ಕಂಪನಿಯವರಿಗೆ ಸಸಾರ ಆಗುವುದಿಲ್ಲವಾ?" ಎಂದು ಅವರು ಕೇಳಿದರು. ಎರಡೂ ನಿಧಾನಕ್ಕೆ ಸುಧಾರಿಸುತ್ತಿರುವುದು ನಿಜ. ಆದರೆ ಹೊಸ ಗಾಜು ಮೊದಲು ಬರುವುದು ದೊಡ್ಡ ಬೆಲೆಯ ಫೋನಿಗೆ. ಬೀಡಿ ಕಟ್ಟಿ, ಅಡಿಕೆ ಸುಲಿದು ಉಳಿಸಿದ ದುಡ್ಡಿನಲ್ಲಿ ಕೊಳ್ಳುವ ಫೋನಿಗೆ ಹಳೆಯ ತಲೆಮಾರಿನದ್ದೋ ಹೆಸರೇ ಇಲ್ಲದ್ದೋ ಗಾಜು. ಇಂಥ ದಪ್ಪ, ಇಂಥ ಬೆಲೆ ಎಂದು ಗೆರೆ ಎಳೆದ ಮೇಲೆ ಯಾವುದನ್ನು ಮುಂದಿಡುವುದು, ಯಾವುದನ್ನು ಹಿಂದಿಡುವುದು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ಉತ್ತರವನ್ನು ಈಗ ನಮ್ಮನ್ನು ಕೇಳದೆ ಬೇರೆ ಯಾರೋ ಕೊಡುತ್ತಿದ್ದಾರೆ.

ನಮ್ಮ ಉತ್ತರ ಸ್ಪಷ್ಟ. ಗೀರು ಬಿದ್ದರೆ ಬೀಳಲಿ, ಒಡೆಯದಿದ್ದರೆ ಸಾಕು.

ಯಾಕೆಂದು ಹೇಳುತ್ತೇವೆ. 2020ರ ಜೂನ್ 1ರಂದು ಕೇರಳದಲ್ಲಿ ಫಸ್ಟ್ ಬೆಲ್ ಆನ್‌ಲೈನ್ ಪಾಠಗಳು ಶುರುವಾದಾಗ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ತಲುಪಿದ್ದು ಹೆಚ್ಚಾಗಿ ಫೋನಿನ ಮೂಲಕ. ಒಂದು ಮನೆಯಲ್ಲಿ ಒಂದೇ ಫೋನು, ಮೂವರು ಮಕ್ಕಳು. ಆ ಎರಡು ವರ್ಷಗಳಲ್ಲಿ ನಮ್ಮ ತರಗತಿಯಲ್ಲಿ ಪಾಠ ತಪ್ಪಿದವರ ಪಟ್ಟಿ ಇಟ್ಟಿದ್ದೆವು. ರೇಂಜ್ ಇಲ್ಲದ್ದು, ಅಪ್ಪ ಕೆಲಸಕ್ಕೆ ಫೋನು ಒಯ್ದದ್ದು, ಡಿಸ್‌ಪ್ಲೇ ಒಡೆದದ್ದು, ಇವೇ ಮತ್ತೆ ಮತ್ತೆ ಬಂದ ಕಾರಣಗಳು. ಗೀರು ಬಿದ್ದದ್ದರಿಂದ ಪಾಠ ತಪ್ಪಿದ ಒಂದೇ ಒಂದು ಮಗು ಆ ಪಟ್ಟಿಯಲ್ಲಿ ಇರಲಿಲ್ಲ. ಗೀರಿನ ಆಚೆಗೂ ಅಕ್ಷರ ಕಾಣುತ್ತದೆ. ಇವತ್ತಿಗೂ ಪಠ್ಯದ ಪಿಡಿಎಫ್, ಪ್ರಶ್ನೆಪತ್ರಿಕೆ, ವಿದ್ಯಾರ್ಥಿವೇತನದ ಒಟಿಪಿ ಎಲ್ಲ ಬರುವುದು ಆ ಫೋನಿಗೇ. ಕಡಿಮೆ ಬೆಲೆಯ ಫೋನಿಗೆ ಹೊಸ ಡಿಸ್‌ಪ್ಲೇ ಹಾಕಿಸುವ ಖರ್ಚು ಕೇಳಿದರೆ, ಇನ್ನಷ್ಟು ಸೇರಿಸಿ ಹೊಸದನ್ನೇ ತೆಗೆದುಕೊಳ್ಳೋಣ ಅನಿಸುವಂತಿರುತ್ತದೆ. ಗೀರಿನಿಂದ ಹೋಗುವುದು ಅಂದ, ಒಡಕಿನಿಂದ ಹೋಗುವುದು ಪಾಠ.

ಹಾಗೆಂದು ಗೀರು ಪೂರ್ತಿ ನಿರುಪದ್ರವಿ ಎಂದೂ ಹೇಳುವಂತಿಲ್ಲ. ಗಾಜು ತಾನು ತಾಳಬೇಕಾದಷ್ಟು ಪೆಟ್ಟನ್ನು ಯಾಕೆ ತಾಳುವುದಿಲ್ಲ ಎಂಬುದಕ್ಕೆ 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಉತ್ತರ ಕೊಟ್ಟರು: ಗಾಜಿನ ಮೈಮೇಲಿನ ಸಣ್ಣ ಬಿರುಕುಗಳ ತುದಿಯಲ್ಲಿ ಎಳೆತವೆಲ್ಲ ಒಟ್ಟಾಗುತ್ತದೆ, ಸೀಳು ಅಲ್ಲಿಂದ ಹೊರಡುತ್ತದೆ. ಗಾಜು ಕತ್ತರಿಸುವವನು ಮೊದಲು ಒಂದು ಗೀರು ಎಳೆದು ಆಮೇಲೆ ಮುರಿಯುವುದು ಇದೇ ಕಾರಣಕ್ಕೆ. ಫೋನಿನ ಗಾಜಿನ ಒತ್ತಿಕೊಂಡಿರುವ ಮೇಲ್ಪದರ ಸುಮಾರು ಒಂದು ಕೂದಲೆಳೆಯ ದಪ್ಪದ್ದು. ಗೀರು ಅದರೊಳಗೇ ಇದ್ದರೆ ಚಿಂತೆ ಕಡಿಮೆ. ಉಗುರು ಆಡಿಸಿದಾಗ ತಡೆಯುವಷ್ಟು ಆಳದ ಗೀರಾದರೆ ಮುಂದಿನ ಸಲ ಬಿದ್ದಾಗ ಒಡೆಯುವ ಸಂಭವ ಹೆಚ್ಚು. ಆ ಹುಡುಗನ ಫೋನಿನ ಗೀರುಗಳಲ್ಲಿ ಉಗುರು ನಿಲ್ಲಲಿಲ್ಲ.

ಹಾಗಾಗಿ ಮನೆಯವರಿಗೆ ನಮ್ಮ ಸಲಹೆ ಕೆಲವೇ ಮಾತುಗಳಲ್ಲಿ. ಸ್ಕ್ರೀನ್ ಗಾರ್ಡ್ ಹಾಕಿಸಿ, ನೂರು ನೂರೈವತ್ತು ರೂಪಾಯಿಯದ್ದಾದರೂ ಸರಿ. ಆದರೆ ಅದರ ಮೇಲೆ ಬರೆದ 9ಎಚ್ ಎಂಬುದನ್ನು ನೋಡಿ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಅಂದುಕೊಳ್ಳಬೇಡಿ. ಅದು ಮೋಸ್ ಸಾಲಿನ 9 ಅಲ್ಲ, ಪೆನ್ಸಿಲ್ಲಿನ 9. ಮಕ್ಕಳ ಕೈಯಲ್ಲಿರುವ ಎಚ್‌ಬಿ ಪೆನ್ಸಿಲ್ಲಿನ ಸಾಲಿನಲ್ಲೇ ಮುಂದೆ ಹೋದರೆ ಎಚ್, 2ಎಚ್ ಎಂದು 9ಎಚ್ ವರೆಗೆ ಬರುತ್ತದೆ. ಆ ಪೆನ್ಸಿಲ್ಲಿಗೆ ಗೀರು ಬೀಳದು ಎಂದಷ್ಟೇ ಅದರ ಅರ್ಥ. ಹೊಯಿಗೆಗೆ ಖಂಡಿತ ಬೀಳುತ್ತದೆ. ಗಾರ್ಡಿನ ದೊಡ್ಡ ಗುಣ ಗಡಸುತನ ಅಲ್ಲ, ಗೀರನ್ನೂ ಪೆಟ್ಟನ್ನೂ ತಾನು ತೆಗೆದುಕೊಂಡು ಕೆಳಗಿನ ಗಾಜನ್ನು ಉಳಿಸುವುದು. ಅದು ಹಾಳಾದರೆ ಅದರ ಕೆಲಸ ಆಯಿತು ಎಂದೇ ಲೆಕ್ಕ.

ಧೂಳಿನ ಫೋನನ್ನು ಒಣ ಬಟ್ಟೆಯಲ್ಲಿ, ಅಂಗಿಯ ತುದಿಯಲ್ಲಿ ಒತ್ತಿ ಒರೆಸಬೇಡಿ. ಮೊದಲು ಊದಿ, ಆಮೇಲೆ ತುಸು ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಕಿಸೆಯನ್ನು ಆಗಾಗ ಒಳಗು ಹೊರಗು ಮಾಡಿ ಕೊಡವಿ. ಕೀ, ನಾಣ್ಯಕ್ಕಿಂತ ಕಿಸೆಯ ಮೂಲೆಯ ಹೊಯಿಗೆಗೆ ಹೆದರಿ. ಟೂತ್‌ಪೇಸ್ಟ್ ತಿಕ್ಕಿದರೆ ಗೀರು ಹೋಗುತ್ತದೆ ಎಂಬ ವಿಡಿಯೋಗಳನ್ನು ನಂಬಬೇಡಿ. ಗಾಜಿನ ಗೀರು ಹಾಗೆ ಹೋಗುವುದಿಲ್ಲ, ಬೆರಳಚ್ಚು ಅಂಟದಂತೆ ಹಚ್ಚಿದ ತೆಳ್ಳನೆಯ ಲೇಪ ಮಾತ್ರ ಹೋಗುತ್ತದೆ.

ಇನ್ನು ಮಾರುವವರಿಗೂ ಸರಕಾರಕ್ಕೂ ಒಂದು ಮಾತು. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟಕ್ಕೆ ಬರುವ ಹೊಸ ಫೋನುಗಳಿಗೆ ಒಂದು ಲೇಬಲ್ ಕಡ್ಡಾಯವಾಗಿದೆ. ನಮ್ಮಲ್ಲಿ ಫ್ರಿಜ್ಜಿಗೆ ನಕ್ಷತ್ರಗಳಿರುವ ಹಾಗೆ. ಬ್ಯಾಟರಿ ಎಷ್ಟು ಹೊತ್ತು, ರಿಪೇರಿ ಎಷ್ಟು ಸುಲಭ ಎಂಬುದರ ಜೊತೆಗೆ, ಬಿದ್ದರೆ ಎಷ್ಟು ತಾಳುತ್ತದೆ ಎಂಬುದಕ್ಕೂ ಎ ಯಿಂದ ಇ ವರೆಗೆ ದರ್ಜೆ. ಜೊತೆಗಿರುವ ನಿಯಮದ ಪ್ರಕಾರ ಫೋನು ಗಾರ್ಡ್ ಇಲ್ಲದೆ 45 ಸಲ ಬಿದ್ದ ಮೇಲೂ ಕೆಲಸ ಮಾಡಬೇಕು, ಮಾರಾಟ ನಿಲ್ಲಿಸಿದ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು. ಗೀರಿನ ವಿಷಯದಲ್ಲಿ ಅದೇ ನಿಯಮ ಕೇಳುವುದು ಎಷ್ಟು ಗೊತ್ತೇ? ಮೋಸ್ ಸಾಲಿನ 4. ಹೊಯಿಗೆಯ 7ರ ಹತ್ತಿರಕ್ಕೂ ಅದು ಹೋಗಿಲ್ಲ. ಕಾನೂನು ಬರೆದವರೂ ತಾಳಿಕೆಗೇ ಹೆಚ್ಚು ಒತ್ತು ಕೊಟ್ಟಂತೆ ಕಾಣುತ್ತದೆ.

ನಮ್ಮ ದೇಶದಲ್ಲಿ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣ ತೆರೆದರು, ಒಳ್ಳೆಯದೇ. ಆದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಕಂಡ ಪೆಟ್ಟಿಗೆಗಳ ಮೇಲೆ ಕ್ಯಾಮರಾದ ಮೆಗಾಪಿಕ್ಸೆಲ್ ದೊಡ್ಡಕ್ಷರದಲ್ಲಿ ಇರುತ್ತದೆ, ಬಿದ್ದರೆ ಏನಾಗುತ್ತದೆ ಎಂಬುದು ಎಲ್ಲಿಯೂ ಇಲ್ಲ. ಗಡಸು ಇಷ್ಟು, ತಾಳಿಕೆ ಇಷ್ಟು ಎಂದು ಎರಡು ಅಂಕಿ ಬರೆದರೆ ಸಾಕು. ಕನ್ನಡದಲ್ಲಿ, ಮಲಯಾಳದಲ್ಲಿ, ಕೊಳ್ಳುವವನಿಗೆ ಓದಲು ಬರುವ ಭಾಷೆಯಲ್ಲಿ ಬರೆದರೆ ಇನ್ನೂ ಒಳ್ಳೆಯದು. ಆಗ ಅಂಗಡಿಯವ ಗಟ್ಟಿ ಎಂದರೆ, ಯಾವ ಗಟ್ಟಿ ಎಂದು ನಮ್ಮ ಎಂಟನೆಯ ತರಗತಿಯ ಮಕ್ಕಳು ತಿರುಗಿ ಕೇಳುತ್ತಾರೆ.

ಕೊನೆಗೆ ಹೆತ್ತವರಲ್ಲಿ ಒಂದು ವಿನಂತಿ. ಫೋನಿನ ಮೇಲೆ ಗೀರು ಕಂಡ ತಕ್ಷಣ ಮಗು ಏನೋ ತಪ್ಪು ಮಾಡಿದೆ ಎಂಬ ತೀರ್ಮಾನಕ್ಕೆ ಬರಬೇಡಿ. ಅದು ಅಂಗಳದಲ್ಲಿ ಕೂತದ್ದಕ್ಕೆ, ಕಡಲಬದಿಗೆ ಹೋದದ್ದಕ್ಕೆ, ಮಾಷ್ಟ್ರು ಹೇಳಿದ ಕೆಲಸ ಮಾಡಿದ್ದಕ್ಕೆ ಬಿದ್ದದ್ದೂ ಇರಬಹುದು. ಬಯ್ಯುವ ಮೊದಲು ಕಿಸೆ ಕೊಡವಿ ನೋಡಿ.

ಅವತ್ತು ಪಿರಿಯಡ್ ಮುಗಿದ ಮೇಲೆ ಹುಡುಗನ ಅಪ್ಪ ಹೆಚ್ಚೇನೂ ಮಾತಾಡಲಿಲ್ಲ. ಬೆಣಚುಕಲ್ಲಿನ ಚೂರನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನು ನಾನು ತೆಕ್ಕೊಳ್ತೇನೆ ಮಾಷ್ಟ್ರೇ, ಅಂಗಡಿಯವನಿಗೆ ತೋರಿಸ್ಲಿಕ್ಕುಂಟು" ಎಂದರು. ಹೊರಗೆ ಹೋಗಿ ಮತ್ತೆ ಬಾಗಿಲಿಗೆ ಬಂದು, "ಇನ್ನೂ ಕಲ್ಲಿನ ಫೋಟೋ ಬೇಕಾದ್ರೆ ಅವನ ಹತ್ರ ಹೇಳಿ, ಫೋನು ಕೊಡ್ತೇನೆ" ಎಂದು ಹೇಳಿ ಹೋದರು. ಹುಡುಗ ಈಗ ಒಂಬತ್ತನೆಯಲ್ಲಿದ್ದಾನೆ. ಗೀರು ಬಿದ್ದ ಅದೇ ಫೋನಿನಿಂದ ಮೊನ್ನೆ ಮೊನ್ನೆ ಇನ್ನೊಂದು ಪಾದೆಯ ಫೋಟೋ ಕಳಿಸಿದ. ಚೆನ್ನಾಗಿದೆ.